ದಾಸವಾಳದ ಪರಾಗವನ್ನು ಮೊಬೈಲಿನಲ್ಲಿ ಸೆರೆಹಿಡಿಯುವುದು ಹೇಗೆ?

ಬೆಳಗ್ಗೆ ಪೂಜೆಗೆ ಕಿತ್ತ ದಾಸವಾಳದಲ್ಲಿ ಒಂದನ್ನು ಪಕ್ಕಕ್ಕಿಡಿ. ಅದರ ನಡುವಿನ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿದರೆ ಹಳದಿ ಪುಡಿ ಅಂಟುತ್ತದೆ. ಬರಿಗಣ್ಣಿಗೆ ಅಷ್ಟೇ. ಮೈಕ್ರೊಸ್ಕೋಪಿನಲ್ಲಿ ಅದರ ಒಂದೊಂದು ಕಣವೂ ಮೈತುಂಬ ಮುಳ್ಳಿರುವ ಚೆಂಡು, ಥೇಟ್ ಮಡಹಾಗಲಕಾಯಿ! ಮೊದಲ ಸಲ ನೋಡಿದಾಗ ನಾನು ಕಾಫಿ ಆರಿದ್ದೂ ಗೊತ್ತಾಗದೆ ಕೂತಿದ್ದೆ.

ಇದರ ಫೋಟೊ ತೆಗೆಯಲು ದುಬಾರಿ ಸಾಮಾನು ಬೇಡ. ಕಾಲೇಜು ಮಕ್ಕಳು ಬಳಸುವ ಸಾದಾ ಮೈಕ್ರೊಸ್ಕೋಪ್, ನಾಲ್ಕು ಗಾಜಿನ ಸ್ಲೈಡ್, ನಿಮ್ಮ ಮೊಬೈಲ್ ಸಾಕು. 'ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತದೆ' ಎಂದು ಡಬ್ಬದ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. 40ರಿಂದ 100 ಪಟ್ಟು ಸಾಕು. ಅದಕ್ಕಿಂತ ಮೇಲೆ ಹೋದರೆ ಚಿತ್ರ ಮಂಕಾಗುತ್ತದೆ, ಅಲುಗಾಟ ಜಾಸ್ತಿ ಕಾಣುತ್ತದೆ.

ಮೊದಲು ಫ್ಯಾನ್ ಆರಿಸಿ, ಇಲ್ಲದಿದ್ದರೆ ಪುಡಿ ಹಾರಿಹೋಗುತ್ತದೆ. ಹೂವನ್ನು ಸ್ಲೈಡಿನ ಮೇಲೆ ಮೆಲ್ಲಗೆ ತಟ್ಟಿ. ಕಣ್ಣಿಟ್ಟು ನೋಡಿ ಫೋಕಸ್ ಮಾಡಿದ ಮೇಲೆ, ಅದೇ ಜಾಗಕ್ಕೆ ಮೊಬೈಲಿನ ಮುಖ್ಯ ಕ್ಯಾಮೆರಾ ತನ್ನಿ. ಸ್ವಲ್ಪ ಹಿಂದೆಮುಂದೆ ಸರಿಸಿದರೆ ಬೆಳಕಿನ ದುಂಡು ಪರದೆ ತುಂಬುತ್ತದೆ. ಕೈಯಲ್ಲಿ ಹಿಡಿಯುವುದಕ್ಕಿಂತ ಮೊಬೈಲ್ ಹೋಲ್ಡರ್ ಒಳ್ಳೆಯದು. ಮೂರು ಸೆಕೆಂಡಿನ ಟೈಮರ್ ಹಾಕಿ, ಬೆರಳು ತಾಗಿದ ನಡುಕ ಅಷ್ಟರಲ್ಲಿ ನಿಲ್ಲುತ್ತದೆ. ನಮ್ಮ ಮನೆ ಮೇನ್ ರೋಡಿನಲ್ಲಿದೆ. ಬಸ್ ಹೋದರೆ ಮೇಜೇ ನಡುಗುತ್ತದೆ, ಅದು ದಾಟುವವರೆಗೆ ಕಾಯುತ್ತೇನೆ.

ಇನ್ನು ಬೆಳಕು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದೇ. ಕೆಳಗಿನ ದೀಪ ಹಾಕಿದರೆ ಪರಾಗ ಬರೀ ಕಪ್ಪು ಚುಕ್ಕೆ, ಏಕೆಂದರೆ ಬೆಳಕು ಅದನ್ನು ದಾಟಿ ಬರುವುದಿಲ್ಲ. ಆ ದೀಪ ಆರಿಸಿ. ಸ್ಲೈಡಿನ ಅಡಿಗೆ ಕಪ್ಪು ಕಾಗದ ಇಟ್ಟು, ಪಕ್ಕದಿಂದ ಟಾರ್ಚ್ ಬಿಡಿ. ಟಾರ್ಚಿಗೆ ಬಟರ್ ಪೇಪರ್ ಸುತ್ತಿದರೆ ಬೆಳಕು ಮೆತ್ತಗಾಗುತ್ತದೆ. ಆಗ ನೋಡಿ, ಒಂದೊಂದು ಮುಳ್ಳಿಗೂ ನೆರಳು ಬೀಳುತ್ತದೆ. ನಿಕಾನ್ ಕಂಪನಿ 1975ರಿಂದ ಇಂಥ ಫೋಟೊಗಳಿಗೆಂದೇ 'ಸ್ಮಾಲ್ ವರ್ಲ್ಡ್' ಸ್ಪರ್ಧೆ ನಡೆಸುತ್ತಿದೆ. ಅಲ್ಲಿ ಗೆದ್ದ ಚಿತ್ರಗಳನ್ನು ನೋಡುವಾಗ ಬೆಳಕು ಯಾವ ಕಡೆಯಿಂದ ಬಂದಿದೆ ಎಂದು ಹುಡುಕಿ. ಕಣ್ಣು ಪಳಗುತ್ತದೆ.

ಮುಳ್ಳು ಸ್ಪಷ್ಟವಾದರೆ ಅಂಚು ಮಸುಕಾಗುತ್ತದೆ, ಅಲ್ವಾ? ಕಣ ದಪ್ಪ, ಫೋಕಸ್ ಆಗುವ ಪದರ ತೀರಾ ತೆಳು. ಅದಕ್ಕೆ ಮೈಕ್ರೊಸ್ಕೋಪಿನ ಫೋಕಸ್ ಮಾಡುವ ಸಣ್ಣ ತಿರುಗಣೆಯನ್ನು ಚೂರುಚೂರೇ ತಿರುಗಿಸುತ್ತಾ 15-20 ಫೋಟೊ ತೆಗೆಯಿರಿ. ಪಿಕೊಲೇಯಂಥ ಉಚಿತ ತಂತ್ರಾಂಶ ಅವನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡಿಕೊಡುತ್ತದೆ.

ಬಣ್ಣದ ಹಬ್ಬ ಬೇಕೆಂದರೆ ಅಡುಗೆಮನೆಗೆ ಬನ್ನಿ. ಚಿಟಿಕೆ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಸ್ಲೈಡಿಗೆ ತೆಳ್ಳಗೆ ಸವರಿ ಒಣಗಿಸಿ. ಪೋಲರೈಸಿಂಗ್ ಹಾಳೆಯ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಯ, ಎರಡು ತುಂಡು ಬೇಕು. ಕೆಟ್ಟ ಎಲ್‌ಸಿಡಿ ಪರದೆಯಲ್ಲಿ ಅದು ಅಂಟಿರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ. ಒಂದನ್ನು ಸ್ಲೈಡಿನ ಕೆಳಗೆ, ಇನ್ನೊಂದನ್ನು ಕ್ಯಾಮೆರಾ ಮುಂದೆ ಇಟ್ಟು, ಹಿನ್ನೆಲೆ ಪೂರ್ತಿ ಕಪ್ಪಾಗುವವರೆಗೆ ತಿರುಗಿಸಿ. ಈಗ ಕೆಳಗಿನ ದೀಪ ಬೇಕು. ಆ ಕತ್ತಲಲ್ಲಿ ಹರಳುಗಳು ನವಿಲುಗರಿಯಂತೆ ಹೊಳೆಯುತ್ತವೆ. ಹರಳು ಬೆಳಕನ್ನು ಎರಡಾಗಿ ಸೀಳುತ್ತದೆ. ಎರಡೂ ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ದಪ್ಪ ಬದಲಾದ ಹಾಗೆ ಬಣ್ಣವೂ ಬದಲಾಗುತ್ತದೆ. ಅಡುಗೆ ಉಪ್ಪಿನಲ್ಲಿ ಮಾತ್ರ ಈ ಆಟ ನಡೆಯದು. ಅದರ ಹರಳು ಎಲ್ಲ ದಿಕ್ಕಿಗೂ ಒಂದೇ ಥರ, ಹಾಗಾಗಿ ಕಪ್ಪಾಗಿಯೇ ಉಳಿಯುತ್ತದೆ. ಎರಡನ್ನೂ ಮಾಡಿ ನೋಡಿ.

ಕೊನೆಗೆ ಒಂದು ಫೋಟೊ ಮರೆಯಬೇಡಿ. ಏನನ್ನೂ ಬದಲಿಸದೆ, ಝೂಮ್ ಕೂಡ ಮುಟ್ಟದೆ, ಸ್ಲೈಡಿನ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಅದರ ಮಿಲಿಮೀಟರ್ ಗೆರೆಗಳನ್ನು ತೆಗೆದುಕೊಳ್ಳಿ. ಎರಡು ಗೆರೆಗಳ ನಡುವೆ ಎಷ್ಟು ಪರಾಗ ಕೂರುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು.