ಪೂರ್ವ–ಪಶ್ಚಿಮದ ಗೆರೆ ಅಳಿಸಿದ ಮೇಲೆ: ಶಿಕ್ಷಣ ದರ್ಶನಗಳನ್ನು ಹೋಲಿಸಿದ ನನ್ನ ಅನುಭವ

ಧಾರವಾಡದ ಬಿ.ಎಡ್. ಕಾಲೇಜೊಂದರಲ್ಲಿ ಶಿಕ್ಷಣದ ತಾತ್ವಿಕ ತಳಹದಿಯನ್ನು ಬೋಧಿಸಲು ತೊಡಗಿದ ಮೊದಲ ವರ್ಷಗಳಲ್ಲಿ ನಾನು ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಪೂರ್ವ’, ಬಲಕ್ಕೆ ‘ಪಶ್ಚಿಮ’ ಎಂದು ಬರೆದು, ಗುರಿ, ಪಠ್ಯಕ್ರಮ, ಬೋಧನಾ ವಿಧಾನ, ಶಿಸ್ತು ಎಂಬ ನಾಲ್ಕು ಸಾಲುಗಳನ್ನು ತುಂಬಿಸುತ್ತಿದ್ದೆ. ಹತ್ತು ಅಂಕದ ಪ್ರಶ್ನೆಗೆ ಅದು ಸಾಕಾಗುತ್ತಿತ್ತು. ಒಂದು ದಿನ ಸವಣೂರಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸರ್, ನಾ ಸಣ್ಣಾವಿದ್ದಾಗ ಮದರಸಾಕ್ಕ ಹೋಗತಿದ್ನಿರಿ. ಅದು ಇದರಾಗ ಯಾವ ಕಡೆ ಬರತೈತ್ರಿ?” ಎಂದು ಕೇಳಿದ. ಹಲಗೆಯ ಮೇಲೆ ಅದಕ್ಕೆ ಜಾಗವಿರಲಿಲ್ಲ. ಚೀನಾಕ್ಕೂ ಇರಲಿಲ್ಲ, ನಮ್ಮದೇ ಹಳ್ಳಿಗಳಲ್ಲಿ ಹಿಂದೆ ಮಕ್ಕಳಿಗೆ ಓದುಬರಹ ಕಲಿಸುತ್ತಿದ್ದ ಐಗಳ ಮಠಗಳಿಗೂ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಇಬ್ನ್ ಖಲ್ದೂನನ ‘ಮುಕದ್ದಿಮಾ’ದ ಶಿಕ್ಷಣದ ಅಧ್ಯಾಯಗಳನ್ನು ಓದಿದೆ. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಈ ವಿದ್ವಾಂಸ 1377ರಲ್ಲಿ ಬರೆದ ಗ್ರಂಥದಲ್ಲಿ, ನಾನು ಮಾಡಬೇಕೆಂದುಕೊಂಡಿದ್ದ ಕೆಲಸವನ್ನೇ ಆಗಲೇ ಮಾಡಿದ್ದ. ಮಗ್ರಿಬಿನವರು, ಎಂದರೆ ಉತ್ತರ ಆಫ್ರಿಕಾದ ಪಶ್ಚಿಮ ಭಾಗದವರು, ಮಕ್ಕಳಿಗೆ ಮೊದಲು ಕುರ್‌ಆನ್ ಒಂದನ್ನೇ ಕಲಿಸುತ್ತಾರೆ, ಅಂದಲೂಸಿಯದವರು, ಎಂದರೆ ಮುಸ್ಲಿಂ ಸ್ಪೇನಿನವರು, ಅದರ ಜೊತೆಗೇ ಕಾವ್ಯ, ಅರಬ್ಬಿ ವ್ಯಾಕರಣ ಮತ್ತು ಬರವಣಿಗೆಯನ್ನೂ ಕಲಿಸುತ್ತಾರೆ ಎಂದು ತೋರಿಸಿ, ಎರಡೂ ಕಡೆಯ ಮಕ್ಕಳ ಭಾಷೆ ಹೇಗೆ ಬೆಳೆಯುತ್ತದೆ ಎಂಬುದನ್ನು ತೂಗಿ ನೋಡಿದ್ದ. ಒಂದೇ ಧರ್ಮದ, ಒಂದೇ ಗ್ರಂಥದ ಒಳಗೆ ಇಷ್ಟು ಭೇದವಿರುವಾಗ ‘ಪೂರ್ವ’ ಎಂಬ ಒಂದು ಪದದ ಕೆಳಗೆ ನಾನು ಏನೆಲ್ಲವನ್ನು ತುರುಕಿದ್ದೆ ಎಂದು ಆಗ ನನಗೆ ಅರಿವಾಯಿತು.

ಮರುವರ್ಷದಿಂದ ನಾನು ಗೆರೆ ಎಳೆಯುವುದನ್ನು ಬಿಟ್ಟು, ಒಂದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯತೊಡಗಿದೆ: ಕಲಿಯುವವನು ತಿಳಿಯದೆ ನಿಂತಾಗ ಕಲಿಸುವವನು ಏನು ಮಾಡುತ್ತಾನೆ? ಇಬ್ನ್ ಖಲ್ದೂನ್ ಒಂದು ವಿಷಯವನ್ನು ಮೂರು ಸಲ ಕಲಿಸಬೇಕೆನ್ನುತ್ತಾನೆ. ಆದರೆ ಮೊದಲ ಸಲ ಸ್ಥೂಲವಾಗಿ, ಎರಡನೆಯ ಸಲ ವಿವರಣೆ ಮತ್ತು ಭಿನ್ನಾಭಿಪ್ರಾಯಗಳೊಡನೆ, ಮೂರನೆಯ ಸಲ ಕ್ಲಿಷ್ಟವಾದ ಯಾವುದನ್ನೂ ಉಳಿಸದಂತೆ. ಹೊಡೆದು ಕಲಿಸಿದರೆ ಮಗು ಸುಳ್ಳು ಮತ್ತು ಕಪಟವನ್ನು ಕಲಿಯುತ್ತದೆ ಎಂದೂ ಅವನು ಸ್ಪಷ್ಟವಾಗಿ ಹೇಳುತ್ತಾನೆ. ಚೀನಾದ ತತ್ವಜ್ಞಾನಿ ಕನ್‌ಫ್ಯೂಶಿಯಸ್‌ನಾದರೋ, ಕೇಳಿದ್ದನ್ನು ಕೂಡಲೇ ಆಚರಿಸಬೇಕೆ ಎಂದು ಇಬ್ಬರು ಶಿಷ್ಯರು ಕೇಳಿದಾಗ ಒಬ್ಬನಿಗೆ ಹೌದೆಂದು, ಇನ್ನೊಬ್ಬನಿಗೆ ಹಿರಿಯರನ್ನು ಕೇಳದೆ ಹೇಗೆ ಎಂದು ಉತ್ತರಿಸಿ, ಹಿಂಜರಿಯುವವನನ್ನು ಮುಂದೆ ತಳ್ಳಿದೆ, ಮುನ್ನುಗ್ಗುವವನನ್ನು ತಡೆದೆ ಎಂದು ಕಾರಣ ಕೊಡುತ್ತಾನೆ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಎಂಬ ಭಾಗದಲ್ಲಿ ಆಚಾರ್ಯ ಪೂರ್ವರೂಪ, ಅಂತೇವಾಸಿ, ಎಂದರೆ ಗುರುವಿನ ಬಳಿಯಿದ್ದು ಕಲಿಯುವ ಶಿಷ್ಯ, ಉತ್ತರರೂಪ, ವಿದ್ಯೆ ಅವರಿಬ್ಬರ ಸಂಧಿ. ಹಳಗನ್ನಡ ಸಂಧಿಗಳನ್ನು ಬಿಡಿಸಿ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಯೇ ಬರಲಿಲ್ಲ.

ಹೋಲಿಕೆಯಲ್ಲಿ ನಾವು ಹೆಚ್ಚು ಎಡವಿದ್ದು ಭಿನ್ನವಾಗಿ ಕಾಣುವ ವಿಚಾರಗಳಲ್ಲಿ ಅಲ್ಲ, ಒಂದೇ ಎಂದು ಕಾಣುವ ವಿಚಾರಗಳಲ್ಲಿ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ತೆರೆದ ಶಾಲೆಯಲ್ಲಿ ಅಡುಗೆ, ಹೊಲಿಗೆ, ಮರಗೆಲಸಗಳಿದ್ದವು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಎಂಬ ಮೂಲ ಶಿಕ್ಷಣ ಯೋಜನೆಯ ಕೇಂದ್ರದಲ್ಲಿಯೂ ಕೈಕಸುಬೇ ಇತ್ತು. ಎರಡೂ ‘ಮಾಡಿ ಕಲಿ’ ಎಂದು ನಾನೇ ಎಷ್ಟೋ ಸಲ ಬರೆಸಿದ್ದೆ. ಆ ತರಗತಿಗೆ ನಾನು ನೂಲುವ ಕದಿರಾದ ತಕಲಿಯೊಂದನ್ನೂ ನೂಲಲು ಸಿದ್ಧಪಡಿಸಿದ ಹತ್ತಿಯ ಹಂಜಿಯನ್ನೂ ತಂದಿದ್ದೆ. ಗರಗದ ವಿದ್ಯಾರ್ಥಿನಿಯೊಬ್ಬಳು, ಅವಳ ತಾಯಿ ಖಾದಿ ನೂಲುವವರು, ಹಂಜಿಯನ್ನು ಹಿಡಿದು ತಕಲಿ ತಿರುಗಿಸಿ ಮೊಳದುದ್ದ ಎಳೆ ತೆಗೆದಳು. ನನ್ನ ಕೈಯಲ್ಲಿ ಅದು ಗಂಟುಗಂಟಾಗಿ ಎರಡೇ ಬೆರಳು ಬಂದು ಹರಿಯಿತು. ಅವಳು ನನ್ನ ಎಳೆಯನ್ನು ನೋಡಿ, “ಇದು ಮಾರಾಟಕ್ಕ ನಡಿಯೂದಿಲ್ರಿ ಸರ್. ಮಾರಬೇಕಂದ್ರ ಹಿಂಗ ತಪ್ಪು ಮಾಡಿ ಕಲಿಯಾಕ ಹುಡುಗರಿಗೆ ಎಷ್ಟು ದಿನಾ ಬಿಡತಾರ್ರಿ?” ಎಂದಳು.

ಎರಡು ದರ್ಶನಗಳು ಬೇರೆಯಾಗುವುದು ಸರಿಯಾಗಿ ಅಲ್ಲಿಯೇ. ಮಕ್ಕಳ ದುಡಿಮೆಯ ಫಲವು ಶಾಲೆಯ ವೆಚ್ಚವನ್ನು ಭರಿಸಬೇಕು, ಬಡ ದೇಶದ ಶಾಲೆ ಇನ್ನೊಬ್ಬರ ಹಂಗಿನಲ್ಲಿರಬಾರದು ಎಂಬುದು ಗಾಂಧೀಜಿಯ ನಿಲುವು. ಶಾಲೆಯ ಕಸುಬು ಆರ್ಥಿಕ ಒತ್ತಡದಿಂದ ಮುಕ್ತವಾಗಿರಬೇಕು ಎಂಬುದು ಡ್ಯೂಯಿಯ ನಿಲುವು. ಅಂದು ತರಗತಿ ಗಂಟೆ ಹೊಡೆದ ಮೇಲೂ ಮುಗಿಯಲಿಲ್ಲ. ನನ್ನ ಮನಸ್ಸು ಡ್ಯೂಯಿಯ ಕಡೆಗೆ ವಾಲುತ್ತದೆ, ಆದರೆ ಹಂಗಿನ ಮಾತಿಗೆ ಅವನಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಸವಣೂರಿನ ಹುಡುಗ ನಮ್ಮಲ್ಲಿ ಓದು ಮುಗಿಸುವ ಮೊದಲು, ತನ್ನೂರಿನ ಒಂದು ಮದರಸಾದಲ್ಲಿ ಮತ್ತು ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಕುಳಿತು ನೋಡಿ ಬರೆದ ವೀಕ್ಷಣಾ ಪುಸ್ತಕ ಈಗಲೂ ನನ್ನ ಬಳಿ ಇದೆ. ಎರಡೂ ಕಡೆ ಪಾಠವನ್ನು ಮೂರು ಸಲ ಹೇಳಿಸಿದರು, ಎರಡೂ ಕಡೆ ಮೂರನೆಯ ಸಲವೂ ಮೊದಲನೆಯ ಸಲದಂತೆಯೇ ಇತ್ತು ಎಂದು ಅವನು ಬರೆದು, ಅದರ ಕೆಳಗೆ ತನ್ನದೇ ಪಾಠಗಳ ದಿನಾಂಕಗಳನ್ನೂ ಸೇರಿಸಿದ್ದಾನೆ.