ಚಾರ್ಟ್‌ಗಿಂತ ಮೊದಲು ಕಾಂಟ್ರ್ಯಾಕ್ಟ್ ನೋಟ್: ಆಪ್ಷನ್ ವ್ಯವಹಾರದಲ್ಲಿ ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ಲೆಕ್ಕಪತ್ರ ಬರೆಯುವುದು ಮತ್ತು ಆದಾಯ ತೆರಿಗೆ ರಿಟರ್ನ್ ತುಂಬುವುದು ನನ್ನ ಉದ್ಯೋಗ. ಅದರ ಜೊತೆಗೆ ಹಲವು ವರ್ಷಗಳಿಂದ ಸ್ವಂತ ಹಣದಲ್ಲಿ ಷೇರು ಹಾಗೂ ಆಪ್ಷನ್ ವ್ಯವಹಾರವನ್ನೂ ನಡೆಸಿಕೊಂಡು ಬಂದಿದ್ದೇನೆ. ಹೀಗಾಗಿ ಮೊಬೈಲಿನಲ್ಲಿ ಹೊಸದಾಗಿ ಡಿಮ್ಯಾಟ್ ಖಾತೆ ತೆರೆದ ಜಮಖಂಡಿ, ಮುಧೋಳ ಕಡೆಯ ವ್ಯಾಪಾರಸ್ಥರೂ ಆಗತಾನೆ ಪದವಿ ಮುಗಿಸಿದ ಹುಡುಗರೂ ನನ್ನಲ್ಲಿಗೆ ಪ್ರಶ್ನೆಗಳನ್ನು ತರುತ್ತಾರೆ. ಅವರು ಮೊದಲು ತೋರಿಸುವುದು ಬೆಲೆಯ ಚಾರ್ಟನ್ನು, ನಾನು ಮೊದಲು ಕೇಳುವುದು ಕಾಂಟ್ರ್ಯಾಕ್ಟ್ ನೋಟನ್ನು, ಅಂದರೆ ದಿನದ ವ್ಯವಹಾರ ಮತ್ತು ಖರ್ಚುಗಳ ವಿವರವಿರುವ ಬ್ರೋಕರ್ ಬಿಲ್ಲನ್ನು. ಹೊಸಬರ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಹಣದಿಂದ ಶುರು ಮಾಡಬೇಕು ಎಂಬುದು ಎಲ್ಲರ ಮೊದಲ ಪ್ರಶ್ನೆ. ಷೇರು ಕೊಳ್ಳುವುದಕ್ಕೆ ಕನಿಷ್ಠ ಮೊತ್ತವೆಂಬುದಿಲ್ಲ. ಒಂದೇ ಒಂದು ಷೇರನ್ನೂ ಕೊಳ್ಳಬಹುದು. ನಾನು ಡೆಲಿವರಿ ಷೇರುಗಳಿಂದಲೇ (ಪೂರ್ತಿ ಹಣ ಕೊಟ್ಟು ಖಾತೆಗೆ ತೆಗೆದುಕೊಳ್ಳುವ ಷೇರು) ಆರಂಭಿಸಿ, ಸಂಸಾರದ ಖರ್ಚಿನ ಖಾತೆಯಿಂದ ಬೇರೆಯಾದ ಒಂದು ಬ್ಯಾಂಕ್ ಖಾತೆಯನ್ನು ಇದಕ್ಕೆಂದೇ ಇಟ್ಟುಕೊಂಡೆ. ಬ್ರೋಕರ್ ಕಂಪನಿ ಮುಚ್ಚಿಹೋದರೆ ಷೇರುಗಳ ಗತಿಯೇನು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಷೇರುಗಳು ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಸಂಸ್ಥೆ), ನಿಮ್ಮ ಹೆಸರಿನಲ್ಲಿ. ಆ ಡಿಪಾಸಿಟರಿ ನೇರವಾಗಿ ಕಳಿಸುವ ಸ್ಟೇಟ್‌ಮೆಂಟನ್ನು ಬ್ರೋಕರ್ ಆ್ಯಪ್ ತೋರಿಸುವ ಅಂಕಿಗಳೊಂದಿಗೆ ತಾಳೆ ನೋಡುವುದು ನನ್ನ ರೂಢಿ.

ಆಪ್ಷನ್ ಎಂದರೇನು ಎಂಬುದನ್ನು ವಿವರಿಸಲು ನಮ್ಮ ಭಾಗದಲ್ಲಿ ಕಷ್ಟವಿಲ್ಲ. ಹೊಲ ಖರೀದಿಗೆ ಸಂಚಕಾರ ಕೊಟ್ಟವನು ಅವಧಿಯೊಳಗೆ ಖರೀದಿ ಮಾಡದಿದ್ದರೆ ಸಂಚಕಾರ ಕಳೆದುಕೊಳ್ಳುತ್ತಾನೆ. ನಿಗದಿತ ಬೆಲೆಗೆ (ಸ್ಟ್ರೈಕ್), ನಿಗದಿತ ದಿನಕ್ಕೆ (ಎಕ್ಸ್‌ಪೈರಿ) ಕೊಳ್ಳುವ ಹಕ್ಕು ಕಾಲ್ ಆಪ್ಷನ್, ಹಾಗೆಯೇ ಮಾರುವ ಹಕ್ಕು ಪುಟ್ ಆಪ್ಷನ್. ಕಾಲ್ ಆಪ್ಷನ್ ಕೊಂಡವನು ಕೊಡುವ ಪ್ರೀಮಿಯಂ ಹೆಚ್ಚುಕಡಿಮೆ ಆ ಸಂಚಕಾರವೇ. ಆದರೆ ಸಂಚಕಾರ ಕೊನೆಗೆ ಹೊಲದ ಬೆಲೆಯಲ್ಲಿ ವಜಾ ಆಗುತ್ತದೆ, ಪ್ರೀಮಿಯಂ ಯಾವ ಕಾಲಕ್ಕೂ ವಜಾ ಆಗುವುದಿಲ್ಲ. ದೊಡ್ಡ ಕಂಪನಿಗಳ ಷೇರುಬೆಲೆಯ ಸೂಚ್ಯಂಕವಾದ ನಿಫ್ಟಿಯ 25,000ದ ಕಾಲ್ ಅನ್ನು 120 ರೂಪಾಯಿಗೆ ಕೊಂಡವನು ಅದನ್ನು ಎಕ್ಸ್‌ಪೈರಿಯವರೆಗೆ ಇಟ್ಟುಕೊಂಡರೆ, ನಿಫ್ಟಿ 25,120ನ್ನು ದಾಟಿದ ಮೇಲೆಯೇ ಅವನ ಲಾಭ ಆರಂಭವಾಗುತ್ತದೆ.

"ಸರ್, ಬಾಜಾರ ಏರೇ ಏರೈತಿ, ನನ್ನ ಕಾಲ್ ಯಾಕ ಇಳೀತ್ರಿ?" ಈ ಪ್ರಶ್ನೆಯನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ನಿಫ್ಟಿ 24,700ರಲ್ಲಿದ್ದಾಗ ಕೊಂಡ 25,000ದ ಕಾಲ್‌ನ ಪ್ರೀಮಿಯಂ ಪೂರ್ತಿಯಾಗಿ ಕಾಲಾವಕಾಶದ ಬೆಲೆ, ದಿನ ಕಳೆದಂತೆ ಅದು ಕರಗುತ್ತದೆ. 2025ರ ಸೆಪ್ಟೆಂಬರಿನಿಂದ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂದಿದೆ. ಶುಕ್ರವಾರ ಕೊಂಡು ಸೋಮವಾರ ನೋಡುವವನಿಗೆ ನಿಫ್ಟಿ 40 ಅಂಕ ಏರಿರುವುದು ಕಾಣುತ್ತದೆ, ಆದರೆ ಇನ್ನುಳಿದ 260 ಅಂಕಗಳನ್ನು ಕ್ರಮಿಸಲು ಒಂದೂವರೆ ದಿನವೂ ಉಳಿದಿಲ್ಲವೆಂಬುದು ಕಾಣುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವೂ ಇದೆ. ಬಜೆಟ್ ಅಥವಾ ಚುನಾವಣಾ ಫಲಿತಾಂಶದ ಮುಂಚೆ ದೊಡ್ಡ ಏರಿಳಿತದ ನಿರೀಕ್ಷೆಯಿಂದ ಕಾಲ್, ಪುಟ್ ಎರಡರ ಪ್ರೀಮಿಯಂ ಕೂಡ ಉಬ್ಬಿರುತ್ತದೆ, ಸುದ್ದಿ ಹೊರಬಿದ್ದೊಡನೆ ಆ ಉಬ್ಬು ಇಳಿಯುತ್ತದೆ. ಹಾಗಾಗಿ ದಿಕ್ಕನ್ನು ಸರಿಯಾಗಿ ಊಹಿಸಿದವನಿಗೂ ನಷ್ಟವಾಗಬಹುದು. 2024ರ ಜೂನ್ 3ರಂದು ಶೇ. 3ಕ್ಕೂ ಹೆಚ್ಚು ಏರಿದ್ದ ನಿಫ್ಟಿ ಮರುದಿನ, ಲೋಕಸಭಾ ಫಲಿತಾಂಶ ಬರುತ್ತಿದ್ದಂತೆ, ಶೇ. 6ರ ಸಮೀಪ ಕುಸಿಯಿತು. ಅಂಥ ದಿನಗಳಲ್ಲಿ ನಾನು ಯಾವ ಪೊಸಿಷನ್ (ಮುಗಿಸದೆ ಉಳಿಸಿದ ವ್ಯವಹಾರ) ಅನ್ನೂ ಇಟ್ಟುಕೊಳ್ಳುವುದಿಲ್ಲ.

ಇನ್ನು ಕಾಂಟ್ರ್ಯಾಕ್ಟ್ ನೋಟ್. ಪ್ರತಿ ವ್ಯವಹಾರದ ದಿನ ಬ್ರೋಕರ್ ಇಮೇಲ್‌ಗೆ ಕಳಿಸುವ ಈ ಕಡತವನ್ನು ತೆರೆದೇ ನೋಡದವರೇ ಹೆಚ್ಚು. 2025ರ ನನ್ನ ಒಂದು ನೋಟನ್ನು ಹೊಸಬರಿಗೆ ಸಾಲುಸಾಲಾಗಿ ಓದಿ ತೋರಿಸುವುದುಂಟು. ಆಗ ನಿಫ್ಟಿಯ ಒಂದು ಲಾಟ್ (ಒಟ್ಟಿಗೇ ಕೊಳ್ಳಬೇಕಾದ ಕಟ್ಟು) ಎಂದರೆ 75. 120 ರೂಪಾಯಿಗೆ ಕೊಂಡು 124ಕ್ಕೆ ಮಾರಿದ್ದರಿಂದ ಪರದೆಯ ಮೇಲೆ 300 ರೂಪಾಯಿ ಲಾಭ ಹಸಿರು ಬಣ್ಣದಲ್ಲಿ ಕಂಡಿತು. ನೋಟಿನಲ್ಲಿ ಕೊಂಡದ್ದಕ್ಕೆ 20, ಮಾರಿದ್ದಕ್ಕೆ 20, ಹೀಗೆ 40 ರೂಪಾಯಿ ಬ್ರೋಕರೇಜ್. ಮಾರಾಟದ ಪ್ರೀಮಿಯಂ 9,300 ರೂಪಾಯಿಯ ಮೇಲೆ ಶೇ. 0.1ರಂತೆ ಎಸ್‌ಟಿಟಿ (ಷೇರುಪೇಟೆ ವ್ಯವಹಾರ ತೆರಿಗೆ) 9 ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ ಆರು ರೂಪಾಯಿ ಚಿಲ್ಲರೆ. ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಎಂಟು ರೂಪಾಯಿ ಚಿಲ್ಲರೆ. ಕೊನೆಗೆ ಮುದ್ರಾಂಕ ಶುಲ್ಕದ ಕೆಲವು ಪೈಸೆ. ಒಟ್ಟು ಸುಮಾರು 64 ರೂಪಾಯಿ ಹೋಗಿ ಕೈಗೆ ಬಂದದ್ದು 236. ಲಾಭವಾಗಲಿ, ನಷ್ಟವಾಗಲಿ, ಈ 64 ತಪ್ಪುವುದಿಲ್ಲ. ದಿನಕ್ಕೆ ಇಂಥ ಹತ್ತು ವ್ಯವಹಾರ ಮಾಡುವವನ ಖಾತೆಯಿಂದ ತಿಂಗಳ ಇಪ್ಪತ್ತು ದಿನಕ್ಕೆ 12,800 ರೂಪಾಯಿ ಬರೀ ಖರ್ಚಿನ ಬಾಬ್ತು ಹೋಗುತ್ತದೆ. ಲಾಟ್ ಗಾತ್ರ, ಎಸ್‌ಟಿಟಿ ದರ ಆಗಾಗ ಬದಲಾಗುತ್ತವೆಯಾದ್ದರಿಂದ ಲೆಕ್ಕವನ್ನು ತಮ್ಮದೇ ನೋಟಿನಿಂದ ಮಾಡಿಕೊಳ್ಳಬೇಕು. ನಾನಂತೂ ಇದನ್ನು ಕಂಡುಕೊಂಡ ಮೇಲೆ ವಾರಕ್ಕೆ ಬೆರಳೆಣಿಕೆಯ ವ್ಯವಹಾರಗಳಿಗೆ ನಿಂತೆ. ಸಿಕ್ಕ ಬೆಲೆಗೆ ವ್ಯವಹಾರ ಮುಗಿಸುವ ಮಾರ್ಕೆಟ್ ಆರ್ಡರ್ ಬಿಟ್ಟು, ಬೆಲೆಯನ್ನು ನಾನೇ ಗೊತ್ತು ಮಾಡುವ ಲಿಮಿಟ್ ಆರ್ಡರ್ ಹಾಕುವುದನ್ನೂ ಆಗಲೇ ರೂಢಿ ಮಾಡಿಕೊಂಡೆ.

ಕೊಂಡವರೆಲ್ಲ ಕಳೆದುಕೊಳ್ಳುವುದಾದರೆ ಮಾರುವವರಾಗಿಯೇ ಇರಬಾರದೇಕೆ ಎಂದು ಬುದ್ಧಿವಂತ ಹುಡುಗರು ಕೇಳುತ್ತಾರೆ. ಆಪ್ಷನ್ ಮಾರಿದವನಿಗೆ ಸಿಗುವುದು ಪ್ರೀಮಿಯಂ ಮಾತ್ರ, ಅವನ ಹೊಣೆಗೆ ಮಾತ್ರ ಮಿತಿಯಿಲ್ಲ. ನಿಫ್ಟಿಯ ಒಂದು ಲಾಟಿಗೇ ಲಕ್ಷಕ್ಕೂ ಮೀರಿ ಮಾರ್ಜಿನ್ (ಭದ್ರತೆಯ ಹಣ) ಇಡಬೇಕಾಗುತ್ತದೆ. ನಾನು ಮಾರುವಾಗಲೆಲ್ಲ ಅದೇ ಎಕ್ಸ್‌ಪೈರಿಯ, ದೂರದ ಸ್ಟ್ರೈಕ್‌ನ ಇನ್ನೊಂದು ಆಪ್ಷನ್ ಅನ್ನು ಮೊದಲು ಕೊಂಡು, ಗರಿಷ್ಠ ನಷ್ಟವನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಮಾರುತ್ತೇನೆ. ಲಾಭ ಕಡಿಮೆಯಾಗುತ್ತದೆ ನಿಜ, ರಾತ್ರಿ ನಿದ್ದೆ ಬರುತ್ತದೆ.

ಬಿಡಿ ಕಂಪನಿಗಳ ಆಪ್ಷನ್‌ಗಳ ವಿಷಯವೇ ಬೇರೆ. ನಿಫ್ಟಿಯಂಥ ಸೂಚ್ಯಂಕದ ಆಪ್ಷನ್ ಎಕ್ಸ್‌ಪೈರಿಗೆ ನಗದಿನಲ್ಲಿ ಚುಕ್ತಾ ಆಗುತ್ತದೆ. ಆದರೆ ಷೇರಿನ ಬೆಲೆ ಸ್ಟ್ರೈಕ್‌ಗಿಂತ ಮೇಲಿರುವಾಗ ಕಂಪನಿ ಷೇರಿನ ಕಾಲ್ ಎಕ್ಸ್‌ಪೈರಿ ತಲುಪಿದರೆ ಪೂರ್ತಿ ಲಾಟಿನ ಷೇರುಗಳನ್ನು ಹಣ ಕೊಟ್ಟು ಡೆಲಿವರಿ ತೆಗೆದುಕೊಳ್ಳಬೇಕು. ಕೆಲವೇ ಸಾವಿರ ಕೊಟ್ಟು ಕಾಲ್ ಕೊಂಡಿದ್ದ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಎಕ್ಸ್‌ಪೈರಿ ವಾರದಲ್ಲಿ ಲಕ್ಷಾಂತರ ರೂಪಾಯಿಯ ಮಾರ್ಜಿನ್ ಕೇಳುವ ಸಂದೇಶ ಬಂದಾಗ ಅವರು ಅದನ್ನು ಯಾರೋ ವಂಚಕರ ಸಂದೇಶವೆಂದೇ ಭಾವಿಸಿದ್ದರು. ಅದು ನಿಯಮವೆಂದು ತಿಳಿದ ಮೇಲೆ ಎಕ್ಸ್‌ಪೈರಿಗೆ ಮುಂಚೆಯೇ ಕಾಲ್ ಮಾರಿ ಹೊರಬಂದರು.

ನಿಜವಾದ ವಂಚನೆ ಬರುವುದು ಟೆಲಿಗ್ರಾಂ ಮತ್ತು ವಾಟ್ಸ್ಆ್ಯಪ್ ಗುಂಪುಗಳಿಂದ. ಸಲಹೆ ಕೊಡುವವರು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರೇ ಎಂಬುದನ್ನು ಸೆಬಿಯ ಜಾಲತಾಣದಲ್ಲೇ ನೋಡಬಹುದು, ವಂಚನೆಯಲ್ಲಿ ಹಣ ಕಳೆದುಕೊಂಡ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು. ಗೆದ್ದವರ ಸ್ಕ್ರೀನ್‌ಶಾಟ್ ತೋರಿಸುವವರಿಗೆ ನಾನು ಒಂದೇ ಅಂಕಿಯನ್ನು ಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಸೆಬಿಯ ಅಧ್ಯಯನದಂತೆ, 2021-22ರಿಂದ 2023-24ರವರೆಗೆ ಫ್ಯೂಚರ್ಸ್ (ಮುಂದಿನ ದಿನಾಂಕದ ಖರೀದಿ-ಮಾರಾಟದ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ್ದ ವೈಯಕ್ತಿಕ ವ್ಯವಹಾರಸ್ಥರಲ್ಲಿ ಶೇ. 93ರಷ್ಟು ಜನರಿಗೆ ನಷ್ಟವಾಗಿದ್ದು, ಅದರ ಒಟ್ಟು ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

"ಲಾಭನ ಇಲ್ರಿ, ರಿಟರ್ನ್ ಯಾಕ ತುಂಬೋದ್ರಿ?" ಎಂಬುದು ನನ್ನ ಕಚೇರಿಯಲ್ಲಿ ಪ್ರತಿ ವರ್ಷ ಕೇಳಿಬರುವ ಮಾತು. ಆಪ್ಷನ್ ವ್ಯವಹಾರ ತೆರಿಗೆ ಕಾನೂನಿನಲ್ಲಿ ವ್ಯಾಪಾರದ ಆದಾಯ. ಗಡುವಿನೊಳಗೆ ರಿಟರ್ನ್ ತುಂಬಿದರೆ ಮಾತ್ರ ಅದರ ನಷ್ಟವನ್ನು ಮುಂದಿನ 8 ವರ್ಷಗಳಿಗೆ ಒಯ್ದು ವ್ಯಾಪಾರದ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು. ಷೇರುಗಳ ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ವ್ಯವಹಾರದ ನಷ್ಟಕ್ಕೆ ಈ ಅವಧಿ 4 ವರ್ಷ. ಸಂಬಳದ ಆದಾಯದ ಎದುರು ಎರಡನ್ನೂ ವಜಾ ಮಾಡಲು ಬರುವುದಿಲ್ಲ. ಸಂಬಳದವರ ಪೈಕಿ ಶಿಕ್ಷಕರೇ ಹೆಚ್ಚಾಗಿ ಬರುವುದರಿಂದ ಅವರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ: ಸರ್ಕಾರಿ ನೌಕರರ ನಡತೆ ನಿಯಮಗಳು ಸಟ್ಟಾ ವ್ಯವಹಾರಕ್ಕೆ ಅವಕಾಶ ಕೊಡುವುದಿಲ್ಲ. ಹಾಗಾದರೆ ಮನೆಯವರ ಹೆಸರಿನಲ್ಲಿ ಖಾತೆ ತೆರೆಯಬಹುದಲ್ಲ ಎಂದು ಅವರಲ್ಲೊಬ್ಬರು ಕೇಳಿದರು. ಗಂಡ ಕೊಟ್ಟ ಹಣದಿಂದ ಹೆಂಡತಿಯ ಖಾತೆಯಲ್ಲಿ ಬಂದ ಆದಾಯವನ್ನು ತೆರಿಗೆ ಇಲಾಖೆ ಗಂಡನ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕುತ್ತದೆ ಎಂದು ನಾನು ಅವರಿಗೆ ತಿಳಿಸಿದೆ.