ಚೈನ್ ಗಾಡಿಯ ನೆಲನಡುಕವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕ್ರಮ

ಮೈಸೂರಿನ ಹಳೆಯ ಬೀದಿಗಳಲ್ಲಿ, ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗಳ ಪಕ್ಕದಲ್ಲೇ ಪಾಯ ತೋಡಲು ಹಿಟಾಚಿ ಬಂದು ನಿಂತಾಗ, ನೆಲ ಎಷ್ಟು ನಡುಗೀತು ಎಂಬುದನ್ನು ಗಾಡಿಯ ತೂಕ ನೋಡಿಯೇ ಹೇಳಿಬಿಡುವವರು ಹೆಚ್ಚು. ಆದರೆ ಲೆಕ್ಕವನ್ನು ಚೈನಿನ ಕೊಂಡಿಯ ಉದ್ದದಿಂದ ಆರಂಭಿಸುವುದು ಸರಿಯಾದ ಕ್ರಮ. ಕೆಳಗಿನ ರೋಲರುಗಳು ಒಂದೊಂದು ಕೊಂಡಿಯನ್ನು ದಾಟುವಾಗಲೂ ನೆಲಕ್ಕೆ ಒಂದು ಒದೆತ ಬೀಳುತ್ತದೆಯಾದ್ದರಿಂದ, ವೇಗವನ್ನು ಕೊಂಡಿಯ ಉದ್ದದಿಂದ ಭಾಗಿಸಿದರೆ ಒದೆತದ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಒದೆತ ಎಂಬುದು, ದೊರೆಯುತ್ತದೆ. 20 ಟನ್ ವರ್ಗದ ಯಂತ್ರದ ಕೊಂಡಿ ಸುಮಾರು 190 ಮಿ.ಮೀ. ಇರುತ್ತದೆ, ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಆವೃತ್ತಿ ಹತ್ತಿರ ಹತ್ತಿರ 8 ಹರ್ಟ್ಸ್ ಆಗುತ್ತದೆ.

ಪ್ರತಿ ರೋಲರಿನ ಕೆಳಗಿನ ಬಲವನ್ನು ಸ್ಥಿರ ಭಾರ ಮತ್ತು ಈ ಆವೃತ್ತಿಯ ಹಾಗೂ ಅದರ ಎರಡು, ಮೂರು ಪಟ್ಟಿನ ಏರಿಳಿತಗಳೆಂದು ಬಿಡಿಸಿ ಬರೆಯಬೇಕು. ಟ್ಯಾಂಕಿನಂತೆ ಸಸ್ಪೆನ್ಷನ್ ಇರುವ ಗಾಡಿಯಾದರೆ ಮೊದಲು ಗಾಡಿಯದೇ ಮಾದರಿ ಮಾಡಿ, ಅದರಿಂದ ಬಂದ ಬಲವನ್ನು ನೆಲದ ಮಾದರಿಗೆ ಕೊಡಬೇಕಾಗುತ್ತದೆ.

ಹೆಚ್ಚು ಶ್ರಮ ಸಲ್ಲಬೇಕಾದದ್ದು ಮಣ್ಣಿಗೆ. ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಕೆಮ್ಮಣ್ಣು, ಅದರಡಿ ಶಿಥಿಲ ಬಂಡೆ, ಅದಕ್ಕೂ ಕೆಳಗೆ ಗಟ್ಟಿ ನೈಸ್ ಶಿಲೆ ಸಿಗುತ್ತವೆ. ನೆಲದ ನಡುಕವನ್ನು ಹಿಡಿಯುವ ಜಿಯೋಫೋನುಗಳನ್ನು ಸಾಲಾಗಿ ನೆಟ್ಟು, ಸುತ್ತಿಗೆ ಹೊಡೆದು, ಪದರ ಪದರದ ಅಡ್ಡ ತರಂಗದ (ಮಣ್ಣನ್ನು ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುವ ತರಂಗದ) ವೇಗವನ್ನು ಅಳೆಯಬೇಕು. ಮೇಲ್ಪದರ 6 ಮೀಟರ್ ದಪ್ಪವಿದ್ದು ವೇಗ ಸೆಕೆಂಡಿಗೆ 200 ಮೀಟರ್ ಎಂದಿಟ್ಟುಕೊಂಡರೆ, ವೇಗವನ್ನು ದಪ್ಪದ ನಾಲ್ಕರಷ್ಟರಿಂದ ಭಾಗಿಸಿದಾಗ ಆ ಪದರದ ಸಹಜ ಆವೃತ್ತಿ 8.3 ಹರ್ಟ್ಸ್ ಬರುತ್ತದೆ. ಒದೆತವೂ ಅಲ್ಲೇ ಇದೆ. ಎರಡೂ ಆವೃತ್ತಿ ಕೂಡಿ ನಡುಕ ಹಿಗ್ಗುವ ಅನುರಣನೆಗೆ ಇಷ್ಟು ಸಾಕು.

50 ಹರ್ಟ್ಸ್‌ವರೆಗೆ ನೋಡುವುದಾದರೆ ಈ ಮಣ್ಣಿನಲ್ಲಿ ತರಂಗದೂರ 4 ಮೀಟರ್. ಅದರ ಹತ್ತನೆಯ ಒಂದು ಪಾಲು, ಅಂದರೆ 0.4 ಮೀಟರಿನ ಘಟಕಗಳಾಗಿ ನೆಲವನ್ನು ತುಂಡರಿಸಿ ಮಾದರಿಯ ಜಾಲ ಹೆಣೆಯಬೇಕು. ಕಾಲದ ಹೆಜ್ಜೆಯನ್ನು, ಅಂದರೆ ಲೆಕ್ಕ ಒಂದೊಂದು ಸಲಕ್ಕೆ ಮುಂದೆ ಸಾಗುವ ಸಮಯವನ್ನು, ನಿರ್ಧರಿಸುವುದು ನೀಳ ತರಂಗ (ಮಣ್ಣನ್ನು ಸಾಗುವ ದಿಕ್ಕಿನಲ್ಲೇ ಒತ್ತಿ ಎಳೆಯುವ ತರಂಗ); ಒಂದು ಹೆಜ್ಜೆಯಲ್ಲಿ ಅದು ಒಂದು ಘಟಕವನ್ನು ದಾಟಿ ಹೋಗಬಾರದು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ಬಿಟ್ಟ ಮೇಲೆ ಮಣ್ಣು ಪೂರ್ತಿ ನೆನೆದರೆ ಈ ತರಂಗದ ವೇಗ ಸೆಕೆಂಡಿಗೆ 1500 ಮೀಟರಿಗೆ ಏರುವುದರಿಂದ, ಹೆಜ್ಜೆ 0.00027 ಸೆಕೆಂಡನ್ನು ಮೀರಬಾರದು. ಅಂಚುಗಳಲ್ಲಿ ತರಂಗ ಹಿಮ್ಮರಳದಂತೆ, ಲೈಸ್ಮರ್ ಮತ್ತು ಕೂಲ್‌ಮೇಯರ್ 1969ರಲ್ಲಿ ಸೂಚಿಸಿದ, ತರಂಗವನ್ನು ಹೀರಿಕೊಳ್ಳುವ ಡ್ಯಾಂಪರುಗಳನ್ನು ಮಾದರಿಯ ಅಂಚಿಗೆ ಹಾಕಬೇಕು. ಓಪನ್‌ಸೀಸ್‌ನಂತಹ ತಂತ್ರಾಂಶ ಇದಕ್ಕೆ ಸಾಕಾಗುತ್ತದೆ. ಸಮಯ ಉಳಿಸಲೆಂದು ಎರಡೇ ಆಯಾಮದ ಮಾದರಿಗೆ ಇಳಿಯಬಾರದು: ಅಲ್ಲಿ ಮೇಲ್ಮೈ ತರಂಗ ದೂರ ಹೋದಂತೆ ಹರಡಿ ತೆಳುವಾಗುವುದೇ ಇಲ್ಲ, ಹಾಗಾಗಿ ದೂರದ ಮನೆಯ ನಡುಕ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ.

ಗಾಡಿಯನ್ನು ಒಮ್ಮೆ ನಿಜವಾಗಿ ಓಡಿಸಿ, ಎರಡು ದೂರಗಳಲ್ಲಿ ಅಳೆದು, ಮಾದರಿಯ ಅವಮಂದನವನ್ನು (ಮಣ್ಣು ನಡುಕವನ್ನು ತಗ್ಗಿಸುವ ಪ್ರಮಾಣವನ್ನು) ಆ ಅಳತೆಗೆ ಹೊಂದಿಸಿದ ನಂತರವೇ ಫಲಿತಾಂಶವನ್ನು ಓದಬೇಕು. ಜರ್ಮನಿಯ ಡಿಐಎನ್ 4150-3 ಮಾನದಂಡದ ಪ್ರಕಾರ, ಪಾರಂಪರಿಕ ಕಟ್ಟಡದ ಪಾಯದಲ್ಲಿ 10 ಹರ್ಟ್ಸ್‌ಗಿಂತ ಕೆಳಗಿನ ಕಂಪನದ ವೇಗಕ್ಕೆ ಮಾರ್ಗಸೂಚಿ ಮಿತಿ ಸೆಕೆಂಡಿಗೆ 3 ಮಿ.ಮೀ. ಕೊನೆಗೆ ಗಾಡಿಯ ವೇಗವನ್ನು ಸೆಕೆಂಡಿಗೆ 0.5ರಿಂದ 1.5 ಮೀಟರ್‌ವರೆಗೆ 0.1ರಂತೆ ಏರಿಸುತ್ತಾ ಲೆಕ್ಕವನ್ನು ಮತ್ತೆ ಮತ್ತೆ ನಡೆಸಬೇಕು. ವೇಗವನ್ನು ಅರ್ಧಕ್ಕೆ, 0.75 ಮೀಟರಿಗೆ ಇಳಿಸಿದರೆ ಎರಡು ಪಟ್ಟಿನ ಏರಿಳಿತ ಮತ್ತೆ 8 ಹರ್ಟ್ಸ್‌ಗೇ ಬಂದು ಕೂರುತ್ತದೆ; ಆದ್ದರಿಂದ ಆಪರೇಟರಿಗೆ ನಿಧಾನವಾಗಿ ಹೋಗಿ ಎಂದಷ್ಟೇ ಹೇಳದೆ, ಹೋಗಬೇಕಾದ ವೇಗವನ್ನು ಅಂಕಿಯಲ್ಲಿ ಬರೆದುಕೊಡಬೇಕು.